ಹಿಂಜರಿತದ ಪರಿಹಾರ: ದುಡ್ಡು ಯಾರದು, ದಾರಿ ಯಾವುದು?

ಮೂಲವೇತನ, ತುಟ್ಟಿಭತ್ಯೆ ಎರಡೂ ಸೇರಿ ತಿಂಗಳಿಗೆ 12,000 ರೂಪಾಯಿ ಬರುವ ಒಬ್ಬ ಕಾರ್ಖಾನೆ ಕೆಲಸಗಾರ್ತಿಯ ಸಂಬಳದ ಚೀಟಿಯನ್ನು ಎದುರಿಗಿಟ್ಟುಕೊಳ್ಳೋಣ. 2020ರ ಏಪ್ರಿಲ್‌ವರೆಗೆ ಅದರಲ್ಲಿ ಪಿಎಫ್ ಕಡಿತ 1,440 ರೂಪಾಯಿ. ಮೇ, ಜೂನ್, ಜುಲೈ ಮೂರು ತಿಂಗಳು ಅದೇ ಕಡಿತ 1,200ಕ್ಕೆ ಇಳಿಯಿತು, ಅಂದರೆ ಕೈಗೆ 240 ರೂಪಾಯಿ ಜಾಸ್ತಿ ಬಂತು. ಪಿಎಫ್ ವಂತಿಗೆಯನ್ನು ಶೇ. 12ರಿಂದ ಶೇ. 10ಕ್ಕೆ ಇಳಿಸಿದ್ದು ಕೇಂದ್ರ ಸರ್ಕಾರ. ಜನರ ಕೈಯಲ್ಲಿ ದುಡ್ಡು ಓಡಾಡಲಿ ಎಂಬುದು ಅದಕ್ಕೆ ಕೊಟ್ಟ ಕಾರಣ.

ಚೀಟಿಯಲ್ಲಿ ಕಾಣದ ಇನ್ನೊಂದು ಸಾಲಿದೆ. ಮಾಲೀಕರ ಪಾಲೂ 1,440ರಿಂದ 1,200ಕ್ಕೆ ಇಳಿಯಿತು. ಮಾಲೀಕರು ಕಟ್ಟುವುದರಲ್ಲಿ ಶೇ. 8.33 ಪಿಂಚಣಿ ನಿಧಿಗೆ ಹೋಗುತ್ತದೆ, ಅದು ಸುಮಾರು 1,000 ರೂಪಾಯಿ. ಉಳಿದ 440 ಮಾತ್ರ ಪಿಎಫ್ ಖಾತೆಗೆ. ಪಿಂಚಣಿಯ ಪಾಲನ್ನು ಮುಟ್ಟಲಿಲ್ಲವಾದ್ದರಿಂದ ಇಳಿಕೆಯೆಲ್ಲ ಆ 440ರ ಮೇಲೆ ಬಿತ್ತು, ಉಳಿದದ್ದು 200. ಹೀಗೆ ತಿಂಗಳಿಗೆ 1,880 ರೂಪಾಯಿ ಜಮೆಯಾಗುತ್ತಿದ್ದ ಖಾತೆಗೆ 1,400 ಬಂತು. ಮೂರು ತಿಂಗಳಲ್ಲಿ ಆಕೆಯ ಕೈಗೆ ಬಂದದ್ದು 720, ಖಾತೆಯಿಂದ ತಪ್ಪಿದ್ದು 1,440. ಮಿಕ್ಕ 720 ಮಾಲೀಕರ ಬಳಿ ಉಳಿಯಿತು. ಸಿಟಿಸಿ ಲೆಕ್ಕದಲ್ಲಿ, ಅಂದರೆ ಮಾಲೀಕರ ಪಿಎಫ್ ಪಾಲೂ ಸೇರಿದ ಒಟ್ಟು ಮೊತ್ತಕ್ಕೆ, ಸಂಬಳ ಗೊತ್ತುಮಾಡಿಕೊಂಡವರಿಗೆ ಆ ಉಳಿತಾಯವನ್ನು ಮಾಲೀಕರೇ ಕೊಡಬೇಕು ಎಂದು ಪಿಎಫ್ ನಡೆಸುವ ಸಂಸ್ಥೆ ಇಪಿಎಫ್‌ಒ ಸ್ಪಷ್ಟಪಡಿಸಿತ್ತು. ಕನಿಷ್ಠ ವೇತನದ ಮೇಲೆ ದುಡಿಯುವವರ ಜೊತೆ ಸಿಟಿಸಿ ಒಪ್ಪಂದ ಮಾಡಿಕೊಳ್ಳುವವರು ಯಾರು?

ಅದೇ ಹೊತ್ತಿಗೆ ಪೆಟ್ರೋಲ್ ಮೇಲಿನ ಅಬಕಾರಿ ಸುಂಕ ಮಾರ್ಚ್‌ನಲ್ಲಿ ಲೀಟರಿಗೆ 3 ರೂಪಾಯಿ, ಮೇ ತಿಂಗಳಲ್ಲಿ ಮತ್ತೆ 10 ರೂಪಾಯಿ ಏರಿತು. ಕಚ್ಚಾತೈಲದ ಬೆಲೆ ಪಾತಾಳಕ್ಕೆ ಬಿದ್ದಿತ್ತು, ಬಂಕಿನಲ್ಲಿ ಇಳಿಯಬೇಕಿದ್ದ ಬೆಲೆಯನ್ನು ಸುಂಕ ನುಂಗಿತು. ತಿಂಗಳಿಗೆ 20 ಲೀಟರ್ ಹಾಕಿಸುವ ಬೈಕಿಗೆ ಇದು 260 ರೂಪಾಯಿ. ಪಿಎಫ್‌ನಿಂದ ಬಂದ 240 ಅಲ್ಲಿಗೇ ಸರಿಹೋಗಿ, ಮೇಲೆ ಇಪ್ಪತ್ತು ರೂಪಾಯಿ ಕೈಯಿಂದ ಬಿತ್ತು.

ಈ ಸಣ್ಣ ಲೆಕ್ಕ ಬಿಡಿಸಿಟ್ಟಿದ್ದಕ್ಕೆ ಕಾರಣವಿದೆ. ಹಿಂಜರಿತದ ಕಾಲದಲ್ಲಿ ಟಿವಿಯಲ್ಲಿ ಬರುವುದು ಲಕ್ಷ ಕೋಟಿಗಳ ಅಂಕಿ. ದುಡಿಯುವವರ ಮನೆಗೆ ತಲುಪುವುದು ಸಂಬಳದ ಚೀಟಿ, ಸಾಲದ ಕಂತು, ಪಡಿತರ, ಖಾತೆಗೆ ಬೀಳುವ ಒಂದೆರಡು ಸಾವಿರ. ಈ ಎರಡರ ನಡುವೆ ಪೈಪುಗಳಿವೆ. ಯಾವ ಪೈಪು ಎಲ್ಲಿ ಸೋರುತ್ತದೆ, ಎಲ್ಲಿ ಕಟ್ಟಿಕೊಳ್ಳುತ್ತದೆ ಎಂಬುದು ಗೊತ್ತಿದ್ದರೆ ಮುಂದಿನ ಬಾರಿ ಘೋಷಣೆ ಬಂದಾಗ ಅರ್ಧ ಗೊಂದಲ ಕಡಿಮೆ. ಕೊರೊನಾ ಲಾಕ್‌ಡೌನ್ ಬಿದ್ದ 2020–21ರ ಭಾರತವನ್ನು, ಅದರಲ್ಲೂ ಕರ್ನಾಟಕವನ್ನು ಇಟ್ಟುಕೊಂಡು ಇದನ್ನು ನೋಡಬಹುದು.

ಹಿಂಜರಿತ ಎಂದರೆ

ಜಿಡಿಪಿ ಸತತ ಎರಡು ತ್ರೈಮಾಸಿಕ ಕುಗ್ಗಿದರೆ ಅದನ್ನು ತಾಂತ್ರಿಕ ಹಿಂಜರಿತ ಎನ್ನುತ್ತಾರೆ. 2020ರ ಏಪ್ರಿಲ್–ಜೂನ್‌ನಲ್ಲಿ ಭಾರತದ ಜಿಡಿಪಿ ಮೊದಲ ಅಂದಾಜಿನಂತೆ ಶೇ. 23.9 ಕುಸಿಯಿತು, ಜುಲೈ–ಸೆಪ್ಟೆಂಬರ್‌ನಲ್ಲಿ ಶೇ. 7.5. ಇಡೀ ವರ್ಷದ ಕುಸಿತ ಪರಿಷ್ಕೃತ ಲೆಕ್ಕದಲ್ಲಿ ಶೇ. 5.8ಕ್ಕೆ ನಿಂತಿತು. ಇದಕ್ಕೆ ಮೊದಲು ದೇಶ ವರ್ಷವಿಡೀ ಕುಗ್ಗಿದ್ದು 1979–80ರಲ್ಲಿ, ಬರ ಮತ್ತು ತೈಲ ಬೆಲೆಯ ಹೊಡೆತಕ್ಕೆ.

ದುಡಿಯುವವರ ಕಡೆಯಿಂದ ನೋಡಿದರೆ ಹಿಂಜರಿತ ಒಂದೇ ದಿನ ಬರುವುದಿಲ್ಲ. ಮೊದಲು ಓಟಿ ನಿಲ್ಲುತ್ತದೆ. ಆಮೇಲೆ ಗುತ್ತಿಗೆಯವರಿಗೆ ‘ಸೋಮವಾರ ಬರಬೇಡಿ, ಫೋನ್ ಮಾಡ್ತೀವಿ’ ಎಂಬ ಮಾತು ಬರುತ್ತದೆ. ಬಟವಾಡೆ ಏಳನೇ ತಾರೀಖಿನಿಂದ ಹದಿನೈದಕ್ಕೆ ಜಾರುತ್ತದೆ. ಕಾಯಂ ನೌಕರರ ಸರದಿ ಕೊನೆಯದು. ಸಂಬಳ ನಿಂತವರು ಕಿರಾಣಿ ಅಂಗಡಿಯಲ್ಲಿ ಬರೆಸಿ ತರುತ್ತಾರೆ, ಅಂಗಡಿಯವರು ಸಗಟು ವ್ಯಾಪಾರಿಗೆ ಹಣ ತಡಮಾಡುತ್ತಾರೆ, ಸಗಟು ವ್ಯಾಪಾರಿ ಸರಕು ಕಡಿಮೆ ತರಿಸುತ್ತಾನೆ, ಕಾರ್ಖಾನೆಗೆ ಆರ್ಡರ್ ಇಳಿಯುತ್ತದೆ. ಕೆಲಸ ಉಳಿದವರೂ ನಾಳೆಯ ಭಯಕ್ಕೆ ಖರ್ಚು ಬಿಗಿಹಿಡಿಯುತ್ತಾರೆ. ಒಂದು ಮನೆಗೆ ಉಳಿತಾಯ ಜಾಣತನವೇ. ಎಲ್ಲ ಮನೆಗಳೂ ಒಟ್ಟಿಗೆ ಕೈಬಿಗಿದರೆ ಎಲ್ಲರ ದುಡಿಮೆಯೂ ಇಳಿಯುತ್ತದೆ. ಖರ್ಚು ಮಾಡುವ ಧೈರ್ಯ ಯಾರಿಗೂ ಇಲ್ಲದ ಹೊತ್ತಿನಲ್ಲಿ ಸರ್ಕಾರ ಖರ್ಚು ಮಾಡಬೇಕು ಎನ್ನುವುದು ಇದೇ ಕಾರಣಕ್ಕೆ.

ಅಧಿಕೃತ ಸಮೀಕ್ಷೆಯ ಪ್ರಕಾರ ಆ ಏಪ್ರಿಲ್–ಜೂನ್‌ನಲ್ಲಿ ನಗರಗಳ ನಿರುದ್ಯೋಗ ಸುಮಾರು ಶೇ. 21 ಇತ್ತು. ಕೆಲಸ ಹುಡುಕುವುದನ್ನೇ ಬಿಟ್ಟು ಊರಿಗೆ ಹೋದವರು ಈ ಲೆಕ್ಕದಲ್ಲಿ ನಿರುದ್ಯೋಗಿಗಳಾಗಿ ಬರುವುದೇ ಇಲ್ಲ, ಹಾಗಾಗಿ ಇದನ್ನು ಕನಿಷ್ಠ ಅಂಕಿ ಎಂದೇ ಓದಬೇಕು.

ಬಡ್ಡಿಯ ಪೈಪು

ರಿಸರ್ವ್ ಬ್ಯಾಂಕ್ 2020ರ ಮಾರ್ಚ್ 27ರಂದು ರೆಪೊ ದರವನ್ನು ಶೇ. 5.15ರಿಂದ 4.40ಕ್ಕೆ, ಮೇ 22ರಂದು 4.00ಕ್ಕೆ ಇಳಿಸಿತು. ಇದು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಿಂದ ಸಾಲ ತರುವ ದರ. 2019ರ ಅಕ್ಟೋಬರ್ ನಂತರ ಕೊಟ್ಟ ಬದಲಾಗುವ ಬಡ್ಡಿಯ ಗೃಹಸಾಲಗಳನ್ನು ರೆಪೊದಂಥ ಹೊರಗಿನ ದರಕ್ಕೆ ಜೋಡಿಸಬೇಕಿತ್ತು, ಹಾಗಾಗಿ ಆ ಸಾಲ ಪಡೆದವರಿಗೆ ಲಾಭ ಬೇಗ ಸಿಕ್ಕಿತು. ಹಳೆಯ ಎಂಸಿಎಲ್‌ಆರ್ (ಬ್ಯಾಂಕ್ ತನ್ನ ವೆಚ್ಚ ನೋಡಿ ತಾನೇ ಗೊತ್ತುಮಾಡುವ ದರ) ಸಾಲಗಾರರಿಗೆ ತಡವಾಗಿ ಸಿಕ್ಕಿತು. ಸಂಘದ ಸಾಲ, ಮೈಕ್ರೋಫೈನಾನ್ಸ್, ಫೈನಾನ್ಸ್ ಕಂಪನಿಯಲ್ಲಿ ತೆಗೆದ ಆಟೊ ಸಾಲ, ಗಿರವಿ ಅಂಗಡಿ, ಕೈಸಾಲ ಇವುಗಳ ಬಡ್ಡಿ ರೆಪೊ ಜೊತೆ ಇಳಿಯುವುದಿಲ್ಲ. ದುಡಿಯುವವರ ಸಾಲದ ಬಹುಪಾಲು ಇರುವುದು ಇಲ್ಲಿಯೇ. ಇನ್ನೊಂದು ಕಡೆ ಠೇವಣಿ ಬಡ್ಡಿ ಮಾತ್ರ ತಡಮಾಡದೆ ಇಳಿಯಿತು: ಏಪ್ರಿಲ್ 1ರಿಂದ ಪಿಪಿಎಫ್ ಶೇ. 7.9ರಿಂದ 7.1ಕ್ಕೆ, ಹಿರಿಯ ನಾಗರಿಕರ ಉಳಿತಾಯ ಯೋಜನೆ 8.6ರಿಂದ 7.4ಕ್ಕೆ. ಆ ವರ್ಷದ ಸರಾಸರಿ ಬೆಲೆಯೇರಿಕೆ ಶೇ. 6ಕ್ಕಿಂತ ಹೆಚ್ಚು. ನಿವೃತ್ತಿಯ ಗಂಟನ್ನು ಠೇವಣಿಯಲ್ಲಿಟ್ಟು ಬದುಕುತ್ತಿದ್ದ ಮಿಲ್ ಕಾರ್ಮಿಕರು ಈ ನೀತಿಯ ಖರ್ಚು ಹೊತ್ತರು ಎಂದರೆ ಅತಿಶಯವಲ್ಲ.

ಕಂತು ಮುಂದೂಡಿಕೆಯನ್ನು ಇನ್ನೂ ಹತ್ತಿರದಿಂದ ನೋಡಬೇಕು, ಏಕೆಂದರೆ ಇದರಲ್ಲಿ ಮೋಸಹೋದ ಭಾವನೆ ಬಹಳ ಜನರಿಗೆ ಬಂತು. 2020ರ ಮಾರ್ಚ್ 1ರಿಂದ ಮೇ 31ರವರೆಗೆ, ಆಮೇಲೆ ಆಗಸ್ಟ್ 31ರವರೆಗೆ, ಒಟ್ಟು ಆರು ತಿಂಗಳು ಕಂತು ಕಟ್ಟದಿರಲು ಅವಕಾಶ ಸಿಕ್ಕಿತು. ‘ಕಂತು ಮನ್ನಾ’ ಎಂದು ಸುದ್ದಿ ಹಬ್ಬಿತು. ಮನ್ನಾ ಆಗಿದ್ದು ಏನೂ ಇಲ್ಲ, ಬಡ್ಡಿಯ ಮೀಟರ್ ಓಡುತ್ತಲೇ ಇತ್ತು.

ಒಂದು ಆಟೊ ಸಾಲ ತೆಗೆದುಕೊಳ್ಳಿ. ಬಾಕಿ 1,50,000 ರೂಪಾಯಿ, ಬಡ್ಡಿ ವರ್ಷಕ್ಕೆ ಶೇ. 15, ಉಳಿದ ಕಂತು 36, ತಿಂಗಳ ಕಂತು 5,200. ಆರು ತಿಂಗಳು ಕಟ್ಟದಿದ್ದರೆ ಪ್ರತಿ ತಿಂಗಳ ಶೇ. 1.25 ಬಡ್ಡಿ ಅಸಲಿಗೆ ಸೇರುತ್ತಾ ಬಾಕಿ ಸುಮಾರು 1,61,600ಕ್ಕೆ ಏರುತ್ತದೆ. ಅದೇ 5,200 ಕಟ್ಟುತ್ತಾ ಹೋದರೆ 36ರ ಬದಲು ಮೂವತ್ತೊಂಬತ್ತೂವರೆ ಕಂತು ಬೇಕು. ಆರು ಕಂತು ಮುಂದೂಡಿದ್ದಕ್ಕೆ ತೆತ್ತ ಬೆಲೆ ಮೂರೂವರೆ ಕಂತು, 18,000 ರೂಪಾಯಿಗೂ ಮೇಲೆ. ಸಾಲದ ಆರಂಭದ ವರ್ಷಗಳಲ್ಲಿ ಕಂತಿನ ಹೆಚ್ಚುಪಾಲು ಬಡ್ಡಿಯೇ ಆಗಿರುವುದರಿಂದ ದೀರ್ಘಾವಧಿಯ ಸಾಲದಲ್ಲಿ ಈ ಹೊಡೆತ ಇನ್ನೂ ದೊಡ್ಡದು.

ಸುಪ್ರೀಂ ಕೋರ್ಟಿಗೆ ಹೋದ ಮೇಲೆ 2 ಕೋಟಿ ರೂಪಾಯಿವರೆಗಿನ ಸಾಲಗಳಿಗೆ ‘ಬಡ್ಡಿಯ ಮೇಲಿನ ಬಡ್ಡಿ’ಯನ್ನು ಸರ್ಕಾರ ತುಂಬಿಕೊಟ್ಟಿತು. 2020ರ ನವೆಂಬರ್ ಮೊದಲ ವಾರದಲ್ಲಿ ಖಾತೆಗಳಿಗೆ ಹಣ ಬಿತ್ತು. ಮೇಲಿನ ಆಟೊ ಸಾಲಕ್ಕೆ ಅದೆಷ್ಟು? ಆರು ತಿಂಗಳ ಚಕ್ರಬಡ್ಡಿ ಸುಮಾರು 11,607, ಸರಳಬಡ್ಡಿ 11,250. ವ್ಯತ್ಯಾಸ 357 ರೂಪಾಯಿ. ಬ್ಯಾಂಕಿನಿಂದ ಮೆಸೇಜ್ ಬಂದಾಗ ಇಷ್ಟೇನಾ ಎಂದು ಜನ ಬೆರಗಾದದ್ದು ಈ ಲೆಕ್ಕಕ್ಕೇ.

ಹಾಗೆಂದು ಮುಂದೂಡಿಕೆ ಕೆಟ್ಟದ್ದೇ ಆಗಿತ್ತೆಂದಲ್ಲ. ಕೈಯಲ್ಲಿ ಏನೇನೂ ಇಲ್ಲದವರಿಗೆ, ವಾರಕ್ಕೆ ಮೂರು ರೂಪಾಯಿ ಬಡ್ಡಿಯ ಕೈಸಾಲ ತಂದು ಕಂತು ಕಟ್ಟುವುದಕ್ಕಿಂತ ಶೇ. 15ರಲ್ಲಿ ಮುಂದೂಡುವುದು ಎಷ್ಟೋ ಮೇಲು. ದುಡ್ಡಿದ್ದೂ ಮುಂದೂಡಿದವರು ಸೋತರು. ಮುಂದೂಡಿದ ಮೇಲೆ ಕೈಗೆ ಹಣ ಬಂದಾಗ ಉಳಿದ ಅಸಲಿಗೆ ಒಂದಷ್ಟು ಕಟ್ಟಿ, ಕಂತಿನ ಮೊತ್ತ ಹಾಗೇ ಇಟ್ಟು ಅವಧಿ ಕಡಿಮೆ ಮಾಡಿಸಿಕೊಂಡವರು ನಷ್ಟವನ್ನು ಹಿಡಿತದಲ್ಲಿಟ್ಟರು. ಈ ಮಾತನ್ನು ಶಾಖೆಯಲ್ಲಿ ಬಾಯಿಬಿಟ್ಟು ಕೇಳಬೇಕು, ಅವರಾಗಿ ಹೇಳುವುದಿಲ್ಲ.

ಮತ್ತೊಂದು ಬಾಗಿಲು ಒಡವೆಯದು. 2020ರ ಆಗಸ್ಟ್‌ನಲ್ಲಿ ಬಂಗಾರದ ಮೌಲ್ಯದ ಶೇ. 75ರ ಬದಲು ಶೇ. 90ರವರೆಗೆ ಸಾಲ ಕೊಡಲು ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಅನುಮತಿ ಕೊಟ್ಟಿತು. ಸಾಲ ದೊಡ್ಡದಾದಷ್ಟೂ ಬೆಲೆ ಇಳಿದಾಗ ಹರಾಜಿನ ನೋಟಿಸಿಗೆ ಹತ್ತಿರವಾಗುತ್ತೇವೆ ಎಂಬುದನ್ನು ಜಾಹೀರಾತು ಹೇಳಲಿಲ್ಲ.

ಇಪ್ಪತ್ತು ಲಕ್ಷ ಕೋಟಿ ಎಲ್ಲಿ ಹೋಯಿತು

2020ರ ಮೇ 12ರಂದು ಘೋಷಣೆಯಾದ ಆತ್ಮನಿರ್ಭರ ಪ್ಯಾಕೇಜಿನ ಒಟ್ಟು ಮೊತ್ತ 20,97,053 ಕೋಟಿ ರೂಪಾಯಿ. ಇದರಲ್ಲಿ 8,01,603 ಕೋಟಿ ರಿಸರ್ವ್ ಬ್ಯಾಂಕಿನ ಕ್ರಮಗಳ ಲೆಕ್ಕ, ಬ್ಯಾಂಕುಗಳಲ್ಲಿ ಸಾಲಕ್ಕೆ ಸಿಗುವಂತೆ ಮಾಡಿದ ಹಣ. ಇನ್ನೂ 3 ಲಕ್ಷ ಕೋಟಿ ಸಣ್ಣ ಉದ್ಯಮಗಳ ಸಾಲಕ್ಕೆ ಸರ್ಕಾರದ ಖಾತರಿ. ಬಜೆಟ್ಟಿನಿಂದ ನೇರವಾಗಿ ಹೊರಬಿದ್ದ ಹೊಸ ಖರ್ಚು ಇದರ ಸಣ್ಣ ಭಾಗ.

ಸಣ್ಣ ಉದ್ಯಮಗಳ ಖಾತರಿ ಸಾಲ ಕೆಲಸ ಉಳಿಸುವ ಪೈಪು ಎಂದೇ ಹೇಳಲಾಗಿತ್ತು. ಮೊದಲ ಸುತ್ತಿನ ನಿಯಮ ಹೀಗಿತ್ತು: 2020ರ ಫೆಬ್ರವರಿ 29ಕ್ಕೆ ಇದ್ದ ಸಾಲದ ಬಾಕಿಯ ಶೇ. 20ರಷ್ಟು ಹೊಸ ಸಾಲ, ಅಡಮಾನ ಬೇಡ, ನಾಲ್ಕು ವರ್ಷದ ಅವಧಿ, ಮೊದಲ ವರ್ಷ ಅಸಲು ಕಟ್ಟಬೇಕಿಲ್ಲ, ಬ್ಯಾಂಕ್ ಬಡ್ಡಿ ಶೇ. 9.25 ಮೀರುವಂತಿಲ್ಲ. ಪೀಣ್ಯದಲ್ಲಿ ಎರಡು ಲೇಥ್ ಇಟ್ಟುಕೊಂಡು 10 ಲಕ್ಷ ಬ್ಯಾಂಕ್ ಸಾಲ ಇರುವವರಿಗೆ 2 ಲಕ್ಷ ಸಿಕ್ಕಿತು. ಅದೇ ಬೀದಿಯಲ್ಲಿ ಬ್ಯಾಂಕ್ ಸಾಲವೇ ಮಾಡದೆ, ಸ್ವಂತ ದುಡ್ಡು ಮತ್ತು ಚೀಟಿ ಹಣದಲ್ಲಿ ಶೆಡ್ ನಡೆಸುವವರಿಗೆ ಶೇ. 20 ಎಂದರೆ ಸೊನ್ನೆಯ ಶೇ. 20. ಮೂರ್ನಾಲ್ಕು ಜನರನ್ನಿಟ್ಟುಕೊಂಡ ಇಂಥ ಶೆಡ್‌ಗಳಲ್ಲಿ ದುಡಿಯುವವರಿಗೆ ಪಿಎಫ್ ಇಲ್ಲ, ಇಎಸ್‌ಐ ಎಂಬ ಕಾರ್ಮಿಕ ವಿಮೆ ಇಲ್ಲ, ಈಗ ಮಾಲೀಕರಿಗೆ ಸಾಲವೂ ಇಲ್ಲ.

ಗೆರೆ ಎಳೆದ ಕಡೆಯೆಲ್ಲ ಇದೇ ಕಥೆ. ನೂರು ಜನರವರೆಗಿನ ಸಂಸ್ಥೆಗಳಲ್ಲಿ ಶೇ. 90 ಜನರ ಸಂಬಳ 15,000ಕ್ಕಿಂತ ಕಡಿಮೆ ಇದ್ದರೆ ಕೆಲಸಗಾರರು, ಮಾಲೀಕರು ಇಬ್ಬರ ಪಾಲಿನ ಪಿಎಫ್, ಒಟ್ಟು ಶೇ. 24, ಮಾರ್ಚ್‌ನಿಂದ ಆಗಸ್ಟ್‌ವರೆಗೆ ಸರ್ಕಾರವೇ ಕಟ್ಟಿತು. ಒಳ್ಳೆಯ ಯೋಜನೆ, ನಿಜವಾದ ಹಣ. ಆದರೆ 95 ಜನರಿರುವ ಘಟಕದಲ್ಲಿ 11 ಮಂದಿ ಸೂಪರ್‌ವೈಸರ್, ಮೆಕ್ಯಾನಿಕ್, ಲೆಕ್ಕಿಗರು 15,000ಕ್ಕಿಂತ ಹೆಚ್ಚು ಪಡೆಯುತ್ತಿದ್ದರೆ ಉಳಿದವರು ಶೇ. 88.4. ಅಲ್ಲಿಗೆ 84 ಹೆಲ್ಪರ್‌ಗಳೂ ಹೊರಗೆ.

ಖಾತೆಗೆ ನೇರ ಹಣ

ದುಡಿಯುವ ಮನೆಗೆ ಸಾವಿರ ರೂಪಾಯಿ ಹೋದರೆ ಅದು ವಾರದೊಳಗೆ ಅಕ್ಕಿ, ಎಣ್ಣೆ, ಔಷಧಿ, ಬಾಡಿಗೆಯಾಗಿ ಹೊರಬೀಳುತ್ತದೆ. ಹಿಂಜರಿತದಲ್ಲಿ ಸರ್ಕಾರಕ್ಕೆ ಬೇಕಾದ್ದು ಅದೇ. ಆ ಅರ್ಥದಲ್ಲಿ ಅತ್ಯಂತ ಚುರುಕಾದ ಕ್ರಮಗಳು ಇವೇ: ಜನಧನ್ ಖಾತೆಯ ಮಹಿಳೆಯರಿಗೆ ಮೂರು ತಿಂಗಳು 500 ರೂಪಾಯಿ, ಏಪ್ರಿಲ್‌ನಿಂದ ನವೆಂಬರ್‌ವರೆಗೆ ತಲೆಗೆ 5 ಕಿಲೊ ಹೆಚ್ಚುವರಿ ಧಾನ್ಯ. ಧಾನ್ಯ ಹಸಿವು ತಡೆಯಿತು, ಇದರಲ್ಲಿ ಅನುಮಾನವಿಲ್ಲ. 500 ರೂಪಾಯಿ ಬಗ್ಗೆ ಹೆಚ್ಚು ಹೇಳಲು ಏನಿಲ್ಲ.

ಕರ್ನಾಟಕ ಸರ್ಕಾರ 2020ರ ಮೇ 6ರಂದು 1,610 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿತು. ಕ್ಷೌರಿಕರು, ಅಗಸರು, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000. ಕಟ್ಟಡ ಕಾರ್ಮಿಕರಿಗೆ ಮೊದಲು ಕೊಟ್ಟಿದ್ದ 2,000ದ ಜೊತೆಗೆ 3,000. ಚಾಲಕರ ಸಂಖ್ಯೆಯನ್ನು 7.75 ಲಕ್ಷ ಎಂದು ಹೇಳಲಾಗಿತ್ತು. ಹಣ ತಲುಪಿದ್ದು ಅದರ ಅರ್ಧಕ್ಕೂ ಕಡಿಮೆ ಜನರಿಗೆ. ರಾಜ್ಯ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಡಿಎಲ್ ಮತ್ತು ಬ್ಯಾಡ್ಜ್ ಚಾಲ್ತಿಯಲ್ಲಿರಬೇಕು, ವಾಹನದ ವಿವರ ತಾಳೆಯಾಗಬೇಕು, ಆಧಾರ್ ಜೋಡಣೆಯಾದ ಖಾತೆ ಇರಬೇಕು. ಬಾಡಿಗೆ ಆಟೊ ಓಡಿಸುವವರ ಕೈಯಲ್ಲಿ ವಾಹನದ ಕಾಗದ ಇರುವುದಿಲ್ಲ. ಸೈಬರ್ ಸೆಂಟರ್‌ಗಳು ಮುಚ್ಚಿದ್ದವು. ಬಾಗಿಲು ತೆರೆದೇ ಇತ್ತು, ಅಲ್ಲಿಗೆ ಹೋಗುವ ದಾರಿಯಿರಲಿಲ್ಲ.

ಕಟ್ಟಡ ಕಾರ್ಮಿಕರ 5,000 ಎಲ್ಲಿಂದ ಬಂತು ಎಂಬುದನ್ನೂ ನೋಡಿ. ಕಟ್ಟಡ ನಿರ್ಮಾಣ ವೆಚ್ಚದ ಮೇಲೆ ಶೇ. 1 ಸೆಸ್ ವಸೂಲಿ ಮಾಡಿ ಕಲ್ಯಾಣ ಮಂಡಳಿಯಲ್ಲಿ ಇಡಬೇಕೆಂದು 1996ರ ಕಾಯ್ದೆ ಹೇಳುತ್ತಿತ್ತು. ಈ ದುಡ್ಡು ಅವರ ಹೆಸರಲ್ಲೇ ವರ್ಷಗಟ್ಟಲೆ ಕೂಡಿಟ್ಟದ್ದು. ಅದನ್ನು ಪಡೆಯಲು ಬೇಕಾದ್ದು ನವೀಕರಣಗೊಂಡ ಲೇಬರ್ ಕಾರ್ಡ್. ಕಾರ್ಡಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ದೃಢೀಕರಣ ಬೇಕು. ಮೇಸ್ತ್ರಿ ಬದಲಾದಂತೆ ಸೈಟು ಬದಲಾಗುವ ಯಾದಗಿರಿ, ರಾಯಚೂರಿನ ದಂಪತಿಗಳಿಗೆ ಆ ಸಹಿ ಹಾಕುವವರು ಯಾರು? ಇನ್ನೊಂದು ಕಡೆ, ಗಾರೆ ಮುಟ್ಟದವರ ಬಳಿ ಕಾರ್ಡ್ ಇರುವುದೂ ಗುಟ್ಟೇನಲ್ಲ.

ಉದ್ಯೋಗ ಖಾತರಿಯ ಪೈಪು ಮಾತ್ರ ಆ ವರ್ಷ ತುಂಬಿ ಹರಿಯಿತು. ನರೇಗಾಕ್ಕೆ ಬಜೆಟ್‌ನಲ್ಲಿ ಇಟ್ಟಿದ್ದ 61,500 ಕೋಟಿಗೆ ಮೇ ತಿಂಗಳಲ್ಲಿ 40,000 ಕೋಟಿ ಸೇರಿತು. ಹಿಂದಿನ ವರ್ಷ ಸುಮಾರು 265 ಕೋಟಿ ಇದ್ದ ಮಾನವ ದಿನಗಳು (ಒಬ್ಬರ ಒಂದು ದಿನದ ಕೆಲಸ ಒಂದು ಮಾನವ ದಿನ) 2020–21ರಲ್ಲಿ 389 ಕೋಟಿಗೆ ಏರಿದವು. ಕರ್ನಾಟಕದ ಕೂಲಿ ದಿನಕ್ಕೆ 249ರಿಂದ 275 ರೂಪಾಯಿ ಆಯಿತು. ಬೆಂಗಳೂರಿನಿಂದ ಊರಿಗೆ ಮರಳಿದ ಪದವೀಧರರೂ ಕೆರೆಯ ಹೂಳೆತ್ತಿದ ವರ್ಷ ಅದು. ಯೋಜನೆಯ ಬಲ ಇದ್ದದ್ದು ‘ಕೇಳಿದವರಿಗೆ ಕೆಲಸ’ ಎಂಬ ನಿಯಮದಲ್ಲಿ. ನಮೂನೆ 6ರಲ್ಲಿ ಅರ್ಜಿ ಕೊಟ್ಟು, ದಿನಾಂಕ ಹಾಕಿದ ಸ್ವೀಕೃತಿ ಪಡೆದು, 15 ದಿನದೊಳಗೆ ಕೆಲಸ ಸಿಗದಿದ್ದರೆ ಮೊದಲ 30 ದಿನ ಕೂಲಿಯ ಕಾಲು ಭಾಗ, ಆಮೇಲೆ ಅರ್ಧ ಭಾಗ ನಿರುದ್ಯೋಗ ಭತ್ಯೆ ಕೊಡಬೇಕಿತ್ತು. ಎಡವಟ್ಟು ಆಗುತ್ತಿದ್ದದ್ದು ಸ್ವೀಕೃತಿಯಲ್ಲಿ. ಬಾಯಿಮಾತಿನ ಬೇಡಿಕೆ ಕಡತದಲ್ಲಿ ಇರುವುದಿಲ್ಲ, ಕಡತದಲ್ಲಿ ಇಲ್ಲದ ಬೇಡಿಕೆಗೆ ಭತ್ಯೆ ಇಲ್ಲ. 100 ದಿನದ ಮಿತಿಯೂ ಇದ್ದದ್ದು ಕುಟುಂಬಕ್ಕೆ, ಆಳಿಗಲ್ಲ. ಗಂಡ, ಹೆಂಡತಿ, ಮಗ ಮೂವರೂ ಹೋದರೆ ಮೂವತ್ತಮೂರು ದಿನಕ್ಕೆ ವರ್ಷದ ಕೋಟಾ ಮುಗಿಯುತ್ತಿತ್ತು: 275ರಂತೆ 27,500 ರೂಪಾಯಿ.

ಸ್ವಂತ ದುಡ್ಡನ್ನೇ ತೆಗೆಯುವಾಗ

2020ರ ಮಾರ್ಚ್ ಕೊನೆಯಲ್ಲಿ ಪಿಎಫ್ ಮುಂಗಡಕ್ಕೆ ಅವಕಾಶ ಸಿಕ್ಕಿತು. ಖಾತೆಯ ಶೇ. 75, ಅಥವಾ ಮೂರು ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆ, ಎರಡರಲ್ಲಿ ಯಾವುದು ಕಡಿಮೆಯೋ ಅದು. ವಾಪಸ್ ಕಟ್ಟಬೇಕಿಲ್ಲ. ಇಪ್ಪತ್ತು ವರ್ಷ ಶೇ. 8ರಲ್ಲಿ ಬೆಳೆಯಬೇಕಿದ್ದ 30,000 ಸುಮಾರು 1.4 ಲಕ್ಷ ಆಗುತ್ತಿತ್ತು ಎಂಬುದು ನಿಜ. ಮನೆಯಲ್ಲಿ ಅಕ್ಕಿ ಇಲ್ಲದಾಗ ಆ ಲೆಕ್ಕ ಹೇಳಿದರೆ ಯಾರು ಕೇಳುತ್ತಾರೆ.

ಅರ್ಜಿಗಳು ತಿರಸ್ಕೃತವಾದ ಕಾರಣಗಳು ಬಹುತೇಕ ಒಂದೇ ಬಗೆಯವು. ಆಧಾರ್‌ನಲ್ಲಿ ‘ಲಕ್ಷ್ಮಮ್ಮ’, ಪಿಎಫ್‌ನಲ್ಲಿ ‘ಲಕ್ಷ್ಮಿ’. ಹುಟ್ಟಿದ ದಿನಾಂಕ ಒಂದರಲ್ಲಿ ಜೂನ್ 1, ಇನ್ನೊಂದರಲ್ಲಿ ಜನವರಿ 1. ಬ್ಯಾಂಕ್ ವಿವರಕ್ಕೆ ಕಂಪನಿಯ ಡಿಜಿಟಲ್ ಸಹಿಯ ಒಪ್ಪಿಗೆ ಬಿದ್ದಿಲ್ಲ, ಕಂಪನಿ ಬೀಗ ಹಾಕಿದೆ. ಕರ್ನಾಟಕದವರಿಗೆ ಇದರ ಜೊತೆ ಬ್ಯಾಂಕ್ ವಿಲೀನದ ತಲೆನೋವು: ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಕ್ಕೆ, ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ 2020ರ ಏಪ್ರಿಲ್ 1ರಂದು ಸೇರಿದವು. ಪಿಎಫ್ ದಾಖಲೆಯಲ್ಲಿ ಹಳೆಯ ಐಎಫ್‌ಎಸ್‌ಸಿ ಹಾಗೇ ಉಳಿದವರ ಹಣ ಮುಂದೆ ಕೋಡ್ ರದ್ದಾದಾಗ ಹಿಂದಿರುಗಿತು. ಇನ್ನೊಂದು ತಪ್ಪು ಇದಕ್ಕಿಂತ ದುಬಾರಿ. ಮುಂಗಡಕ್ಕೆ ಇರುವುದು ಫಾರಂ 31. ಸೆಂಟರ್‌ನಲ್ಲಿ ಕೂತವರು ಫಾರಂ 19 ಮತ್ತು 10ಸಿ ಹಾಕಿಸಿದರೆ ಖಾತೆ ಚುಕ್ತಾ ಆಗಿ, ಪಿಂಚಣಿಗೆ ಬೇಕಾದ ಹತ್ತು ವರ್ಷದ ಸೇವೆಯ ಲೆಕ್ಕ ಮತ್ತೆ ಸೊನ್ನೆಯಿಂದ ಶುರು.

ಬಳಸದೇ ಉಳಿದ ಪೈಪು ಇಎಸ್‌ಐ ನಿರುದ್ಯೋಗ ಪರಿಹಾರದ್ದು. ತಿಂಗಳಿಗೆ 21,000ದೊಳಗಿನ ಸಂಬಳದವರಿಂದ ಶೇ. 0.75, ಮಾಲೀಕರಿಂದ ಶೇ. 3.25 ಇಎಸ್‌ಐಗೆ ಹೋಗುತ್ತದೆ. ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ 2020ರ ಮಾರ್ಚ್ 24ರಿಂದ ಪರಿಹಾರವನ್ನು ದಿನಗೂಲಿಯ ಶೇ. 25ರಿಂದ 50ಕ್ಕೆ ಏರಿಸಿದರು, ಕೆಲಸ ಹೋಗಿ 90 ದಿನ ಕಾಯುವ ಬದಲು 30 ದಿನ ಸಾಕೆಂದರು, ಮಾಲೀಕರ ಮೂಲಕ ಹೋಗದೆ ನೇರ ಶಾಖಾ ಕಚೇರಿಗೆ ಅರ್ಜಿ ಕೊಡಬಹುದೆಂದರು. ದಿನಕ್ಕೆ 400 ರೂಪಾಯಿ ಸರಾಸರಿ ಕೂಲಿಯವರಿಗೆ 90 ದಿನಕ್ಕೆ 18,000 ರೂಪಾಯಿ. ಆ ವರ್ಷದ ಯಾವ ನೇರ ನೆರವಿಗಿಂತಲೂ ದೊಡ್ಡ ಮೊತ್ತ. ಷರತ್ತು: ಎರಡು ವರ್ಷ ವಿಮೆಯಲ್ಲಿರಬೇಕು, ಕೆಲಸ ಹೋಗುವ ಹಿಂದಿನ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನ, ಅದಕ್ಕೆ ಮೊದಲಿನ ಮೂರು ಅವಧಿಗಳ ಪೈಕಿ ಒಂದರಲ್ಲಿ 78 ದಿನ ವಂತಿಗೆ ಬಿದ್ದಿರಬೇಕು. ಗುತ್ತಿಗೆದಾರರು ಆರು ತಿಂಗಳಿಗೊಮ್ಮೆ ಹೊಸ ಇಎಸ್‌ಐ ನಂಬರ್ ಮಾಡಿಸುವ ಕಡೆ ಈ ಎರಡು ವರ್ಷ ಎಂದೂ ತುಂಬುವುದಿಲ್ಲ. ಹೊಸ ಕೆಲಸಕ್ಕೆ ಸೇರಿದ ದಿನವೇ ಹಳೆಯ ನಂಬರ್ ಕೊಟ್ಟು ಅದನ್ನೇ ಮುಂದುವರಿಸಿ ಎಂದು ಹೇಳುವುದು ಇದಕ್ಕಿರುವ ಒಂದೇ ಮದ್ದು.

ಕಾಯ್ದೆಯನ್ನೇ ಸಡಿಲಿಸಿದಾಗ

ಹಿಂಜರಿತದಲ್ಲಿ ಸರ್ಕಾರ ದುಡ್ಡು ಕೊಡದೆಯೂ ಉದ್ಯಮಗಳಿಗೆ ನೆರವಾಗಬಹುದು, ಅದರ ಬಿಲ್ಲು ಕಾರ್ಮಿಕರಿಗೆ ಹೋಗುತ್ತದೆ. 2020ರ ಮೇ 5ರಂದು ಬಿಲ್ಡರ್‌ಗಳ ಜೊತೆಗಿನ ಸಭೆಯ ಬಳಿಕ ಕರ್ನಾಟಕ ವಲಸೆ ಕಾರ್ಮಿಕರ ರೈಲುಗಳನ್ನು ರದ್ದು ಮಾಡಿ, ಟೀಕೆ ಬಂದ ಮೇಲೆ ಎರಡು ದಿನದಲ್ಲಿ ಮನಸ್ಸು ಬದಲಿಸಿತು. ಮೇ 22ರಂದು ಕಾರ್ಖಾನೆಗಳ ಕೆಲಸದ ಅವಧಿಯನ್ನು ದಿನಕ್ಕೆ 10, ವಾರಕ್ಕೆ 60 ಗಂಟೆಗೆ ಏರಿಸಿ, ವಿಷಯ ಹೈಕೋರ್ಟಿಗೆ ಹೋದ ಮೇಲೆ ಜೂನ್‌ನಲ್ಲಿ ಹಿಂತೆಗೆದುಕೊಂಡಿತು. ಗುಜರಾತಿನ ಇಂಥದೇ ಅಧಿಸೂಚನೆಗಳನ್ನು ಸುಪ್ರೀಂ ಕೋರ್ಟ್ ಅಕ್ಟೋಬರ್ 1ರಂದು ರದ್ದು ಮಾಡಿತು. ಕಾರ್ಖಾನೆ ಕಾಯ್ದೆಯ ಸೆಕ್ಷನ್ 5ರ ‘ಸಾರ್ವಜನಿಕ ತುರ್ತುಸ್ಥಿತಿ’ ಎಂದರೆ ಯುದ್ಧ, ಆಂತರಿಕ ಗಲಭೆಯಂಥದ್ದು, ಆರ್ಥಿಕ ಮಂದಗತಿ ಅಲ್ಲ ಎಂದಿತು. ನ್ಯಾಯ ಬದಿಗಿಟ್ಟು ಬರೀ ಅರ್ಥಶಾಸ್ತ್ರ ನೋಡಿದರೂ ಇದು ತಲೆಕೆಳಗಾದ ಮದ್ದು. ಆರು ಜನ ಎಂಟು ಗಂಟೆ ದುಡಿದರೆ 48 ಗಂಟೆ, ಐವರು ಹತ್ತು ಗಂಟೆ ದುಡಿದರೆ 50. ಆರ್ಡರ್ ಇಲ್ಲದ ಕಾಲದಲ್ಲಿ ಗಂಟೆ ಹೆಚ್ಚಿಸಿದರೆ ಆರನೆಯವರು ಮನೆಗೆ ಹೋಗುತ್ತಾರೆ.

ಎಲ್ಲಕ್ಕಿಂತ ಆಳವಾಗಿ ಕೊರೆದದ್ದು ವಿಡಿಎ, ಅಂದರೆ ಬದಲಾಗುವ ತುಟ್ಟಿಭತ್ಯೆಯ ಪ್ರಕರಣ. ಕರ್ನಾಟಕದಲ್ಲಿ ಕನಿಷ್ಠ ವೇತನಕ್ಕೆ ಪ್ರತಿ ಏಪ್ರಿಲ್ 1ರಿಂದ ಹೊಸ ವಿಡಿಎ ಸೇರುತ್ತದೆ. ಇದನ್ನು ಇನ್‌ಕ್ರಿಮೆಂಟ್ ಎಂದುಕೊಳ್ಳುವುದು ತಪ್ಪು. ಬೆಲೆ ಸೂಚ್ಯಂಕ ಹಿಂದಿನ ವರ್ಷ ಎಷ್ಟು ಅಂಶ ಏರಿತೋ ಅದಕ್ಕೆ ತಕ್ಕಂತೆ ಕೊಡುವ ಹಣ, ಆಗಲೇ ಏರಿ ಮುಗಿದ ಬೆಲೆಗೆ ತಡವಾಗಿ ಸಿಗುವ ಪರಿಹಾರ. 2020ರ ಜುಲೈನಲ್ಲಿ ರಾಜ್ಯ ಸರ್ಕಾರ ಆ ವರ್ಷದ ವಿಡಿಎಯನ್ನು 2021ರ ಮಾರ್ಚ್‌ವರೆಗೆ ಮುಂದೂಡಿತು. ಗಾರ್ಮೆಂಟ್ಸ್ ಕೆಲಸಗಾರರಿಗೆ ತಿಂಗಳಿಗೆ 417 ರೂಪಾಯಿ 60 ಪೈಸೆ, 26 ದಿನದ ಲೆಕ್ಕದಲ್ಲಿ ದಿನಕ್ಕೆ 16 ರೂಪಾಯಿ. ವರ್ಷಕ್ಕೆ 5,011. ಹಾನಿ ಅಲ್ಲಿಗೇ ನಿಲ್ಲುವುದಿಲ್ಲ. ಓಟಿಯ ಇಮ್ಮಡಿ ದರ, ಪಿಎಫ್, ಬೋನಸ್, ಗ್ರಾಚುಟಿ ಎಲ್ಲವೂ ಮೂಲವೇತನ ಮತ್ತು ಡಿಎ ಮೇಲೆ ನಿಂತಿವೆ. ಗ್ರಾಚುಟಿ ಎಂದರೆ ಕೊನೆಯ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ ಸೇವೆಯ ವರ್ಷಗಳಿಂದ ಗುಣಿಸಿದ ಮೊತ್ತ. ಆ ವರ್ಷ ಕೆಲಸ ಬಿಟ್ಟವರ ‘ಕೊನೆಯ ಸಂಬಳ’ವೇ 417 ಕಡಿಮೆ ಇತ್ತು.

ರಾಜ್ಯದ ಗಾರ್ಮೆಂಟ್ಸ್ ಕಾರ್ಮಿಕರು ನಾಲ್ಕು ಲಕ್ಷಕ್ಕೂ ಹೆಚ್ಚು. ತಿಂಗಳಿಗೆ 16 ಕೋಟಿ ರೂಪಾಯಿಗೂ ಮೇಲೆ ಪೀಣ್ಯ, ಬೊಮ್ಮನಹಳ್ಳಿ, ಮದ್ದೂರು, ಶ್ರೀರಂಗಪಟ್ಟಣದ ಅಂಗಡಿಗಳಿಗೆ ಬರಬೇಕಿದ್ದದ್ದು ಬರಲಿಲ್ಲ. ಒಂದು ಕೈಯಲ್ಲಿ 5,000ದ ಪರಿಹಾರ ಘೋಷಿಸಿದ ಸರ್ಕಾರ ಇನ್ನೊಂದು ಕೈಯಲ್ಲಿ ಬೇರೊಂದು ಗುಂಪಿನಿಂದ ಹೆಚ್ಚುಕಡಿಮೆ ಅಷ್ಟನ್ನೇ ತಡೆಹಿಡಿದಿತ್ತು. ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಈ ಆದೇಶಕ್ಕೆ ತಡೆ ಕೊಟ್ಟಿತು. ಆದರೂ ಬಹಳಷ್ಟು ಕಾರ್ಖಾನೆಗಳು ಕೊಡಲಿಲ್ಲ. ಹೊರದೇಶದ ಬ್ರ್ಯಾಂಡ್‌ಗಳ ಮೇಲೆ ಒತ್ತಡ ಬಿದ್ದ ಮೇಲೆ, 2022ರಲ್ಲಿ, ದೊಡ್ಡ ತಯಾರಕರಿಂದ ಬಾಕಿ ಹಣ ಬರತೊಡಗಿತು.

ಆ ಹೊತ್ತಿಗೆ ಎಷ್ಟೋ ಜನ ಕೆಲಸ ಬಿಟ್ಟಿದ್ದರು. ಬಿಟ್ಟು ಹೋದವರಿಗೂ ದುಡಿದ ತಿಂಗಳುಗಳ ಬಾಕಿ ಸಲ್ಲಬೇಕು, ಆದರೆ ಕೇಳಲು ಪುರಾವೆ ಬೇಕು: ಆ ತಿಂಗಳುಗಳ ಸಂಬಳದ ಚೀಟಿ, ಇಲ್ಲವೇ ಬ್ಯಾಂಕ್ ಪಾಸ್‌ಬುಕ್ಕಿನ ಜಮೆ ಸಾಲು ಮತ್ತು ಪಿಎಫ್ ಪಾಸ್‌ಬುಕ್. ಪಿಎಫ್ ಪಾಸ್‌ಬುಕ್ಕಿನಲ್ಲಿ ವಂತಿಗೆ ಲೆಕ್ಕ ಹಾಕಿದ ವೇತನ ಎಷ್ಟೆಂದು ತಿಂಗಳುವಾರು ಇರುತ್ತದೆ, ಅದನ್ನು ಆ ವರ್ಷದ ಕನಿಷ್ಠ ವೇತನದ ಅಧಿಸೂಚನೆಯ ಪಕ್ಕ ಇಟ್ಟರೆ ಕೊರತೆ ತಾನಾಗಿ ಕಾಣುತ್ತದೆ. 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ಇಂಥ ಬಾಕಿಗೆ ಅರ್ಜಿ ಹಾಕಲು ಇದ್ದ ಗಡುವು ಆರು ತಿಂಗಳು, ತಡವಾದರೆ ಸಕಾರಣ ತೋರಿಸಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ಈ ಗಡುವು ಮೂರು ವರ್ಷ.